ಅಳಿಸಿಹೋಗಲಿಲ್ಲ, ಅಳಿಸಿದರು

ದೆಹಲಿ, ನೋಯ್ಡಾ, ಗುರುಗ್ರಾಮ ಎಲ್ಲೇ ಆಗಲಿ, ಆಫೀಸಿನ ಕಂಪ್ಯೂಟರಿನಿಂದ ಒಂದು ಫೈಲ್ ಕಾಣೆಯಾದರೆ ಕೇಳಿಬರುವ ಮಾತು ಒಂದೇ: "ಡಿಲೀಟ್ ಹೋ ಗಯಾ." ನಮ್ಮ ಕಡೆ ಇದನ್ನೇ "ಡಿಲೀಟ್ ಆಗ್ಹೋಯ್ತು" ಅನ್ನುತ್ತಾರೆ. ಸ್ವಲ್ಪ ಗ್ರಾಂಥಿಕವಾಗಿ ಮಾತಾಡುವವರು "ಅಳಿಸಿಹೋಯಿತು" ಅನ್ನುತ್ತಾರೆ. ಕರೆಂಟ್ ಹೋಯ್ತು, ಹಾಲು ಒಡೆದುಹೋಯ್ತು, ಬಸ್ಸು ತಪ್ಪಿಹೋಯ್ತು ಅನ್ನುವ ಸಾಲಿಗೇ ಇದೂ ಸೇರಿಬಿಡುತ್ತದೆ. ಮಾಡಿದವರು ಯಾರೂ ಇಲ್ಲ. ಕೇಳಿಸಿಕೊಂಡವರು "ಅಯ್ಯೋ" ಅನ್ನಬೇಕು, ಮತ್ತೆ ಮೊದಲಿನಿಂದ ಕೆಲಸ ಶುರುಮಾಡಬೇಕು.

ಹಿಂದಿಯಲ್ಲಿ "ಡಿಲೀಟ್ ಕರ್ ದಿಯಾ" ಎಂದೂ ಹೇಳಬಹುದಲ್ಲ. ಹಾಗೆ ಹೇಳಿದ ಕೂಡಲೇ "ಕಿಸ್‌ನೇ?" ಎಂಬ ಪ್ರಶ್ನೆ ಏಳುತ್ತದೆ. ಕನ್ನಡದಲ್ಲಂತೂ ಆ ಪ್ರಶ್ನೆ ಪದದ ಒಳಗೇ ಕೂತಿದೆ. "ಅಳಿ" ಎಂದರೆ ತಾನಾಗಿ ಇಲ್ಲವಾಗುವುದು. ಅದಕ್ಕೆ "ಇಸು" ಸೇರಿ "ಅಳಿಸು" ಆದಾಗ ಇಲ್ಲವಾಗಿಸುವವರು ಒಬ್ಬರು ಬೇಕು. ಆದರೆ ಅದರ ಹಿಂದೆ "ಹೋಗು" ಸೇರಿಸಿ "ಅಳಿಸಿಹೋಯಿತು" ಎಂದರೆ, ಬಂದ ಕರ್ತೃವನ್ನು ಹಿಂಬಾಗಿಲಿನಿಂದ ಕಳಿಸಿಕೊಟ್ಟ ಹಾಗೆ.

ಲಿನಕ್ಸ್ ಕಂಪ್ಯೂಟರುಗಳಲ್ಲಿ ತಾತ್ಕಾಲಿಕ ಫೈಲುಗಳು ತಂತಾನೇ ಮಾಯವಾಗುವ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಅಲ್ಲಿ ಯಾವ ಫೈಲೂ ತಂತಾನೇ ಮಾಯವಾಗುವುದಿಲ್ಲ. ಒಂದು ನಿಯಮ ಅಳಿಸುತ್ತದೆ. ಆ ನಿಯಮವನ್ನು ಬರೆದವರಿದ್ದಾರೆ, ಅದರಲ್ಲಿ ಒಂದು ಸಂಖ್ಯೆ ಇದೆ, ಆ ಸಂಖ್ಯೆಗೊಂದು ಚರಿತ್ರೆ ಇದೆ. ಇಷ್ಟೆಲ್ಲ ಇದ್ದೂ ಅಳಿಸಿದ್ದನ್ನು ಹೇಳುವುದಿಲ್ಲ. ಕೇಳಿದರೆ ತಪ್ಪನ್ನು ಬಳಸುವವರ ತಲೆಗೇ ಕಟ್ಟುತ್ತಾರೆ. ಕಸ ಗುಡಿಸುವುದಕ್ಕೆ ನನ್ನ ವಿರೋಧವಿಲ್ಲ, ಗುಡಿಸಿದ್ದೇನು ಎಂದು ಹೇಳದಿರುವುದಕ್ಕೆ ಇದೆ.

(ಮುಂದೆ ಬರುವ ಆಜ್ಞೆ, ಫೋಲ್ಡರುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿಕೊಳ್ಳಿ.)

ಹತ್ತು ದಿನ ಎಲ್ಲಿಂದ ಬಂತು

ಲಿನಕ್ಸ್‌ನಲ್ಲಿ ತಾತ್ಕಾಲಿಕ ಫೈಲುಗಳಿಗೆ ಎರಡು ಜಾಗ. ಒಂದು ಟಿಎಂಪಿ, ಇನ್ನೊಂದು ವಿಎಆರ್ ಫೋಲ್ಡರಿನ ಒಳಗಿನ ಟಿಎಂಪಿ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಯಾವ ಫೋಲ್ಡರ್ ಯಾತಕ್ಕೆ ಎಂದು ಹೇಳುವ ಒಂದು ಮಾನಕ ದಾಖಲೆ ಇದೆ. ಅದರ ಮೂರನೆಯ ಆವೃತ್ತಿ 2015ರಲ್ಲಿ ಬಂತು. ಮೊದಲನೆಯ ಟಿಎಂಪಿಯಲ್ಲಿ ಇಟ್ಟದ್ದು ಮುಂದಿನ ಸಲಕ್ಕೆ ಉಳಿದಿರುತ್ತದೆಂದು ಯಾವ ಕಾರ್ಯಕ್ರಮವೂ ನಂಬಬಾರದು ಅನ್ನುತ್ತದೆ ಅದು. ಎರಡನೆಯದರಲ್ಲಿ ಇಟ್ಟದ್ದನ್ನು ಕಂಪ್ಯೂಟರ್ ಮತ್ತೆ ಶುರುವಾದಾಗ ಅಳಿಸಕೂಡದು, ಅಳಿಸುವುದಿದ್ದರೂ ಮೊದಲನೆಯದಕ್ಕಿಂತ ಹೆಚ್ಚು ಕಾಲ ಬಿಟ್ಟು ಅಳಿಸಬೇಕು ಅನ್ನುತ್ತದೆ. ಎಷ್ಟು ದಿನ ಎಂದು ಹೇಳುವುದಿಲ್ಲ. ಅದನ್ನು ಆಯಾ ಜಾಗದವರಿಗೆ ಬಿಟ್ಟಿದೆ.

ಬಿಟ್ಟ ಜಾಗವನ್ನು ತುಂಬಿದವರು ರೆಡ್ ಹ್ಯಾಟ್‌ನವರು. ಅವರ ಹಳೆಯ ಲಿನಕ್ಸ್ ಆವೃತ್ತಿಗಳಲ್ಲಿ ಟಿಎಂಪಿವಾಚ್ ಎಂಬ ಪುಟ್ಟ ಕಾರ್ಯಕ್ರಮವಿತ್ತು. ದಿನಕ್ಕೊಮ್ಮೆ ಎದ್ದು, ಟಿಎಂಪಿಯಲ್ಲಿ 240 ಗಂಟೆ ಯಾರೂ ಮುಟ್ಟದ ಫೈಲುಗಳನ್ನೂ ಎರಡನೆಯ ಜಾಗದಲ್ಲಿ 720 ಗಂಟೆ ಮುಟ್ಟದ ಫೈಲುಗಳನ್ನೂ ತೆಗೆದುಹಾಕುತ್ತಿತ್ತು. ಅಂದರೆ 10 ದಿನ, 30 ದಿನ. 2010ರಲ್ಲಿ ಸಿಸ್ಟಮ್‌ಡಿ ಎಂಬ ಯೋಜನೆ ಆರಂಭವಾಯಿತು. ಇವತ್ತು ಹೆಚ್ಚಿನ ಲಿನಕ್ಸ್‌ಗಳಲ್ಲಿ ಯಂತ್ರವನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಇದೇ. ಇದರೊಳಗಿನ ಟಿಎಂಪಿಫೈಲ್ಸ್ ಎಂಬ ಭಾಗ ಆ ಹಳೆಯ ಪೊರಕೆಯ ಕೆಲಸವನ್ನು ವಹಿಸಿಕೊಂಡಿತು. 10 ಮತ್ತು 30 ಎಂಬ ಸಂಖ್ಯೆಗಳು ಹಾಗೇ ಉಳಿದವು. ಒಂದು ಕಂಪನಿಯ ರೂಢಿ ಲೋಕದ ರೂಢಿಯಾಯಿತು.

ಕೆಲಸ ನಡೆಯುವುದು ಹೀಗೆ. ಕಂಪ್ಯೂಟರ್ ಶುರುವಾದ 15 ನಿಮಿಷಕ್ಕೆ ಒಂದು ಟೈಮರ್ ಎಚ್ಚರಗೊಳ್ಳುತ್ತದೆ, ಆಮೇಲೆ ದಿನಕ್ಕೊಮ್ಮೆ. ಅದು ಪ್ರತಿ ಫೈಲಿನ ಮೂರು ಗಡಿಯಾರಗಳನ್ನು ನೋಡುತ್ತದೆ: ಕೊನೆಯದಾಗಿ ಓದಿದ್ದು ಯಾವಾಗ, ಒಳಗಿನದನ್ನು ತಿದ್ದಿದ್ದು ಯಾವಾಗ, ಹೆಸರು ಅನುಮತಿ ಮುಂತಾದ ಹೊರಗಿನ ವಿವರ ಬದಲಾಗಿದ್ದು ಯಾವಾಗ. ಮೂರೂ 10 ದಿನ ದಾಟಿದ್ದರೆ ಫೈಲ್ ಹೋಗುತ್ತದೆ. ಆ ಫೈಲನ್ನು ಯಾವುದೋ ಕಾರ್ಯಕ್ರಮ ಆಗಲೂ ತೆರೆದಿಟ್ಟುಕೊಂಡಿದೆಯೇ ಎಂದು ಅದು ವಿಚಾರಿಸುವುದಿಲ್ಲ. ಉಳಿಯಬೇಕಿದ್ದರೆ ಕಾರ್ಯಕ್ರಮವೇ ತನ್ನ ಫೋಲ್ಡರಿಗೆ ಒಂದು ಬೀಗದ ಗುರುತು ಹಾಕಿಕೊಂಡಿರಬೇಕು. ಬೀಗ ಕಂಡರೆ ಪೊರಕೆ ಅದರ ಒಳಗೆ ಕಾಲಿಡುವುದಿಲ್ಲ. ಬೀಗ ಹಾಕುವ ಕಾರ್ಯಕ್ರಮಗಳು ಎಷ್ಟಿವೆ ಅನ್ನುವುದು ಬೇರೆ ಮಾತು.

ಇದರಲ್ಲಿ ನನ್ನನ್ನು ಕೆರಳಿಸುವ ಭಾಗ ಮುಂದಿನದು. ಗುಡಿಸಿದ ಮೇಲೆ ಲಾಗ್ ತೆಗೆದು ನೋಡಿದರೆ ಸಿಗುವುದು ಕೆಲವೇ ಸಾಲು. ತಾತ್ಕಾಲಿಕ ಫೋಲ್ಡರುಗಳ ಸ್ವಚ್ಛತೆ ಶುರುವಾಯಿತು. ಸ್ವಚ್ಛತೆ ಮುಗಿಯಿತು. ಯಾವ ಫೈಲ್, ಯಾರ ಫೈಲ್, ಎಷ್ಟು ಎಂಬ ಯಾವ ವಿವರವೂ ಮಾಮೂಲು ಲಾಗಿನಲ್ಲಿ ಇರುವುದಿಲ್ಲ. ಅಳಿಸಿದ ಪ್ರತಿ ಹೆಸರನ್ನೂ ಬರೆಯಬಲ್ಲ ಸಾಲು ಆ ಕಾರ್ಯಕ್ರಮದೊಳಗೇ ಇದೆ. ಆದರೆ ಅದನ್ನು "ಡಿಬಗ್" ಎಂಬ ಅತ್ಯಂತ ಕೆಳಗಿನ ಮಟ್ಟದಲ್ಲಿ ಇಟ್ಟಿದ್ದಾರೆ. ಮೊದಲೇ ಹೋಗಿ ಆ ಮಟ್ಟವನ್ನು ಹೊರಡಿಸಿಕೊಂಡವರಿಗೆ ಮಾತ್ರ ಅದು ಕಾಣುತ್ತದೆ. ಕಳವಾದ ಮೇಲೆ ಸಿಸಿಟಿವಿ ಹಾಕಿಸಿದ ಹಾಗೆ.

ಹಬ್ಬದ ರಜೆ ಮತ್ತು 9 ಸಾವಿರ ಪದ

ಇದು ಎಂಜಿನಿಯರರ ಜಗಳ, ನಮಗೇನು ಅನ್ನಬೇಡಿ. ನೋಯ್ಡಾದ ಒಂದು ಅನುವಾದ ಏಜೆನ್ಸಿಯಲ್ಲಿ ನಾವು ಐದು ಭಾಷೆಯ ಫ್ರೀಲಾನ್ಸರುಗಳು ಒಂದೇ ಸರ್ವರಿನಲ್ಲಿ ಕೆಲಸ ಮಾಡುತ್ತಿದ್ದೆವು. ನಮಗೆ ಕಾಣುತ್ತಿದ್ದುದು ಬ್ರೌಸರಿನ ಒಂದು ಪುಟ ಮಾತ್ರ: ಎಡಗಡೆ ಇಂಗ್ಲಿಷ್ ವಾಕ್ಯ, ಬಲಗಡೆ ನಮ್ಮ ಭಾಷೆಗೆ ಖಾಲಿ ಜಾಗ, ಕೆಳಗೆ "ಉಳಿಸು" ಗುಂಡಿ. ಒತ್ತಿದರೆ ಹಸಿರು ಟಿಕ್ ಮಾರ್ಕ್ ಬರುತ್ತಿತ್ತು. ಆ ಪುಟದ ಹಿಂದಿನ ಸ್ಕ್ರಿಪ್ಟು ನಮ್ಮ ವಾಕ್ಯಗಳನ್ನು ಇಡುತ್ತಿದ್ದುದು ಟಿಎಂಪಿಯಲ್ಲಿ. ಇಡೀ ಕೆಲಸ ಮುಗಿದು ಒಪ್ಪಿಸಿದ ಮೇಲಷ್ಟೇ ಅದು ಬೇರೆ ಕಡೆಗೆ ನಕಲಾಗುತ್ತಿತ್ತು. ಇದು ನಮಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ.

ಧನ್‌ತೇರಸ್‌ಗೆ ಎರಡು ದಿನ ಮುಂಚೆ ಬಾಗಿಲು ಹಾಕಿದ ಆಫೀಸು ಛಠ್ ಪೂಜೆ ಕಳೆದ ಮೇಲೆ ತೆರೆಯಿತು. 12 ದಿನ. ಈ ಕಡೆ ಅದು ಹೊಸತೇನೂ ಅಲ್ಲ, ಅರ್ಧ ಆಫೀಸು ಬಿಹಾರಕ್ಕೆ ಹೋಗಿರುತ್ತದೆ. ಸರ್ವರ್ ಮಾತ್ರ ರಜೆ ಹಾಕಿರಲಿಲ್ಲ. ತಿರುಗಿ ಬಂದು ನೋಡಿದರೆ ಎಡಗಡೆಯ ಇಂಗ್ಲಿಷ್ ಇದೆ, ಬಲಗಡೆ ಖಾಲಿ. ನನ್ನ ಪಾಲಿನದು ಸುಮಾರು 9 ಸಾವಿರ ಪದ, ನಾಲ್ಕು ದಿನದ ದುಡಿಮೆ. ಸಿಸ್ಟಂ ನೋಡಿಕೊಳ್ಳುವವರು ಬಹಳ ಸಮಾಧಾನದಿಂದ ಹೇಳಿದರು: "ಅರೇ ಜೀ, ವೋ ತೋ ಡಿಲೀಟ್ ಹೋ ಗಯಾ. ಟೆಂಪ್ ಹೀ ಥಾ ನಾ." ಟೆಂಪ್ ಅಂತ ಹೆಸರೇ ಇತ್ತಲ್ಲ ಎಂಬ ಅರ್ಥ. ಏಜೆನ್ಸಿಯವರು "ದಯವಿಟ್ಟು ಮತ್ತೆ ಮಾಡಿಕೊಡಿ" ಅಂದರು. ದುಡ್ಡು ಒಂದೇ ಸಲದ್ದು, ಏಕೆಂದರೆ ಬಿಲ್ಲು ಒಪ್ಪಿಸಿದ ಪದಗಳಿಗೆ ಮಾತ್ರ.

ಈ ಪ್ರಸಂಗದಲ್ಲಿ ಯಾರದೂ ದುರುದ್ದೇಶವಿಲ್ಲ. ಆದರೆ ನಿರ್ಧಾರಗಳು ಎಷ್ಟಿವೆ ಎಣಿಸಿ. ಕೆಲಸವನ್ನು ಟಿಎಂಪಿಯಲ್ಲಿ ಇಡುವುದು ಒಂದು ನಿರ್ಧಾರ. 10 ದಿನ ಎಂಬುದು ಇನ್ನೊಂದು. ಲಾಗಿನಲ್ಲಿ ಹೆಸರು ಬರೆಯದಿರುವುದು ಮೂರನೆಯದು. ಹೋದ ಕೆಲಸಕ್ಕೆ ಕೂಲಿ ಇಲ್ಲ ಎಂಬುದು ನಾಲ್ಕನೆಯದು. ಒಂದನ್ನೂ ಮಾಡಿದವರು ಆ ವಾಕ್ಯಗಳನ್ನು ಬರೆದವರಲ್ಲ. ನಷ್ಟ ಮಾತ್ರ ಬರೆದವರದು. "ಹೋ ಗಯಾ" ಎಂಬ ಎರಡು ಪದ ಈ ನಾಲ್ಕನ್ನೂ ಮುಚ್ಚಿಹಾಕಿತು.

ತಾತ್ಕಾಲಿಕ ಅಂದರೆ ಯಾವ ಕಾಲ

"ಹೆಸರೇ ಟೆಂಪ್" ಎಂಬ ವಾದವನ್ನು ಭಾಷೆಯ ಕಡೆಯಿಂದಲೇ ನೋಡೋಣ, ಅದು ನನ್ನ ಕಸುಬು. ಹಿಂದಿ ಕಂಪ್ಯೂಟರ್ ಪರದೆಯಲ್ಲಿ ಇಂಥ ಫೈಲಿಗೆ "ಅಸ್ಥಾಯೀ" ಅನ್ನುತ್ತಾರೆ. ಸ್ಥಾಯಿ ಅಲ್ಲದ್ದು, ನಿಲ್ಲದ್ದು. ಗುಣ ವಸ್ತುವಿನದು; ನಿಲ್ಲದಿರುವುದು ಅದರ ಸ್ವಭಾವ. ಕನ್ನಡದಲ್ಲಿ ನಾವು ಆರಿಸಿಕೊಂಡ ಪದ "ತಾತ್ಕಾಲಿಕ". ತತ್ಕಾಲದ್ದು, ಆ ಕಾಲಕ್ಕೆ ಸೇರಿದ್ದು. ಇಲ್ಲಿ ವಸ್ತುವಿನ ಸ್ವಭಾವದ ಬಗ್ಗೆ ಮಾತಿಲ್ಲ, ಒಂದು ಕಾಲದ ಜತೆ ಅದಕ್ಕಿರುವ ಸಂಬಂಧದ ಬಗ್ಗೆ ಇದೆ. ಯಾವ ಕಾಲ? ಅದನ್ನು ಹುಟ್ಟಿಸಿದ ಕೆಲಸದ ಕಾಲ. ಮನೆ ಕಟ್ಟುವಾಗ ಹಾಕಿದ ಸಾರುವೆ ತಾತ್ಕಾಲಿಕ. ತಾರಸಿ ಗಟ್ಟಿಯಾಗುವ ತನಕ ಅದು ಇರಬೇಕು. ಹತ್ತು ದಿನವಾಯಿತೆಂದು ಹನ್ನೊಂದನೆಯ ದಿನ ಬಂದು ಸಾರುವೆ ಬಿಚ್ಚುವ ಮೇಸ್ತ್ರಿಯನ್ನು ಯಾರೂ ಶಿಸ್ತಿನವನು ಅನ್ನುವುದಿಲ್ಲ.

ಹಾಗಾಗಿ ತಾತ್ಕಾಲಿಕ ಎಂದು ಹೆಸರಿಟ್ಟ ಮಾತ್ರಕ್ಕೆ ಅಳಿಸುವ ಹಕ್ಕು ಬಂತು ಅನ್ನುವುದು ಪದದ ಅರ್ಥದಿಂದ ಹುಟ್ಟಿದ ತೀರ್ಮಾನವಲ್ಲ. ಕೆಲಸ ಮುಗಿಯಿತೇ ಇಲ್ಲವೇ ಎಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ "ಹತ್ತು ದಿನ ಮುಟ್ಟಲಿಲ್ಲ" ಎಂಬುದನ್ನು "ಕೆಲಸ ಮುಗಿಯಿತು" ಎಂಬುದರ ಬದಲಿಗೆ ಇಟ್ಟುಕೊಂಡಿದ್ದಾರೆ. ಇದು ಊಹೆ. ಒಳ್ಳೆಯ ಊಹೆಯೇ ಇರಬಹುದು, ಬಹಳ ಸಲ ನಿಜವೂ ಆಗಬಹುದು. ಆದರೆ ಊಹೆಯ ಮೇಲೆ ಬೇರೆಯವರ ವಸ್ತುವನ್ನು ಅಳಿಸುವವರು ಕನಿಷ್ಠ ಹೇಳಿ ಅಳಿಸಬೇಕು.

ಓದಬೇಕಿತ್ತು ಎಂಬ ಉತ್ತರ

2024ರ ಜೂನ್‌ನಲ್ಲಿ ನಡೆದದ್ದು ಈ ಮನೋಭಾವಕ್ಕೆ ಚೆನ್ನಾದ ಉದಾಹರಣೆ. ಸಿಸ್ಟಮ್‌ಡಿಯ 256ನೆಯ ಆವೃತ್ತಿಯಲ್ಲಿ ಟಿಎಂಪಿಫೈಲ್ಸ್‌ಗೆ "ಪರ್ಜ್" ಎಂಬ ಹೊಸ ಆಯ್ಕೆ ಬಂತು. ಹೆಸರು ನೋಡಿದವರಿಗೆ ಹಳೆಯ ತಾತ್ಕಾಲಿಕ ಫೈಲುಗಳನ್ನು ಪೂರ್ತಿ ಸ್ವಚ್ಛಮಾಡುತ್ತದೆ ಎಂದೇ ಅನ್ನಿಸುತ್ತಿತ್ತು. ನಿಜಕ್ಕೆ ಅದು ಟಿಎಂಪಿಫೈಲ್ಸ್‌ನ ನಿಯಮಗಳ ಮೂಲಕ ಸೃಷ್ಟಿಯಾಗುವ ಎಲ್ಲವನ್ನೂ ಅಳಿಸುತ್ತಿತ್ತು. ಆ ನಿಯಮಗಳಲ್ಲಿ, ಇಲ್ಲದಿದ್ದರೆ ಸೃಷ್ಟಿಸು ಎಂಬ ಪಟ್ಟಿಯಲ್ಲಿ, "ಹೋಮ್" ಫೋಲ್ಡರೂ ಇತ್ತು. ಬಳಸುವವರ ಫೋಟೋ, ಪತ್ರ, ಲೆಕ್ಕ, ಹತ್ತು ವರ್ಷದ ಬದುಕು ಇರುವ ಜಾಗ. ತಾತ್ಕಾಲಿಕ ಫೈಲ್ ಎಂದು ನಂಬಿ ಆಜ್ಞೆ ಕೊಟ್ಟವರ ಮನೆಯೇ ಹೋಯಿತು.

ದೂರು ಬಂದಾಗ ಯೋಜನೆಯ ಕಡೆಯಿಂದ ಬಂದ ಮೊದಲ ಉತ್ತರದ ಧಾಟಿ ಹೀಗಿತ್ತು: ಏನು ಅಳಿಸುತ್ತದೆಂದು ದಾಖಲೆಯಲ್ಲೇ ಬರೆದಿದೆ, ಓದದೆ ಏಕೆ ಓಡಿಸಿದಿರಿ? ಗದ್ದಲವಾದ ಮೇಲೆ ಬೇಗನೆ 256.1 ಬಂತು. ಯಾವ ನಿಯಮದ ಫೈಲಿಗೆ ಸೇರಿದ್ದನ್ನು ಅಳಿಸಬೇಕೆಂದು ಹೆಸರು ಹೇಳದಿದ್ದರೆ ಪರ್ಜ್ ಈಗ ಕೆಲಸವೇ ಮಾಡುವುದಿಲ್ಲ. ಈ ಉಪಕರಣ ತಾತ್ಕಾಲಿಕ ಫೈಲುಗಳಿಗಷ್ಟೇ ಸಂಬಂಧಪಟ್ಟದ್ದು ಎಂಬ ಅರ್ಥ ಬರುತ್ತಿದ್ದ ವಿವರಣೆಯನ್ನೂ ಕೈಪಿಡಿಯಲ್ಲಿ ತಿದ್ದಿದರು. ತಿದ್ದಿದ್ದು ಒಳ್ಳೆಯದು. ಆದರೆ ತಿದ್ದುಪಡಿಯೇ ಒಂದು ಒಪ್ಪಿಗೆಯೂ ಹೌದು. ತಪ್ಪು ಓದದವರಲ್ಲಿ ಮಾತ್ರ ಇದ್ದಿದ್ದರೆ ವಿವರಣೆಯನ್ನೂ ನಡವಳಿಕೆಯನ್ನೂ ಬದಲಾಯಿಸುವ ಅಗತ್ಯ ಏನಿತ್ತು?

ಮತ್ತೆ, ಓದಬೇಕಾದವರು ಯಾರು? ಸುಪ್ರೀಂ ಕೋರ್ಟಿನ ಇ-ಸಮಿತಿಯ ಮಾರ್ಗದರ್ಶನದ ಇ-ಕೋರ್ಟ್ಸ್ ಯೋಜನೆಯಲ್ಲಿ ದೇಶದ ಜಿಲ್ಲಾ ನ್ಯಾಯಾಲಯಗಳ ಕಂಪ್ಯೂಟರುಗಳಿಗೆ ಉಬುಂಟು ಲಿನಕ್ಸ್ ಬಂದಿದೆ. ಅದರ ಮುಂದೆ ಕೂರುವವರು ಶಿರಸ್ತೇದಾರರು, ಬೆರಳಚ್ಚುಗಾರರು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಹಂಚುವ ಲಿನಕ್ಸ್ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಮೇಷ್ಟ್ರೂ ಅದನ್ನೇ ಬಳಸುವುದು. ರಕ್ಷಣಾ ಸಚಿವಾಲಯ ತನ್ನ ಕಂಪ್ಯೂಟರುಗಳಿಗೆ ಉಬುಂಟು ಆಧರಿಸಿದ "ಮಾಯಾ" ಹಾಕಿಸುತ್ತಿದೆ ಎಂದು 2023ರಲ್ಲಿ ಸುದ್ದಿಯಾಯಿತು. ಸಿ-ಡ್ಯಾಕ್ ರೂಪಿಸಿದ "ಬಾಸ್" ಡೆಬಿಯನ್ ಮೇಲೆ ನಿಂತಿದೆ. ಲಿನಕ್ಸ್ ಎಂದರೆ ತಿಳಿದವರ ಕೂಟ ಎಂಬ ಕಾಲ ಮುಗಿದು ಬಹಳ ದಿನವಾಯಿತು. ಬಿಟ್ಟಿ ಸಿಗುವ, ಯಾರೂ ಒಡೆಯರಲ್ಲದ ಈ ತಂತ್ರಾಂಶ ಸರ್ಕಾರಿ ಕಚೇರಿಗೂ ಶಾಲೆಗೂ ಬರಲಿ ಎಂದು ಬಯಸುವವರಲ್ಲಿ ನಾನೂ ಸೇರಿದ್ದೇನೆ. ಬಂದ ಮೇಲೆ, ಇಂಗ್ಲಿಷ್ ಕೈಪಿಡಿ ಓದದಿದ್ದದ್ದು ನಿಮ್ಮ ಕರ್ಮ ಎಂದು ಕಾಸರಗೋಡಿನ ಮೇಷ್ಟ್ರಿಗೆ ಹೇಳುವುದು ಸ್ವಾತಂತ್ರ್ಯದ ಮಾತಾಗುವುದಿಲ್ಲ.

ಒಂದೇ ಹೆಸರು, ಎರಡು ಹಣೆಬರಹ

ಕೈಪಿಡಿ ಓದಿದರೂ ಸಾಲದು ಅನ್ನುವುದಕ್ಕೆ ಡೆಬಿಯನ್ ನೋಡಿ. 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಿಂದ ಟಿಎಂಪಿ ಡಿಸ್ಕಿನಲ್ಲಿ ಇರುವುದಿಲ್ಲ, ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಇರುತ್ತದೆ. ಕರೆಂಟ್ ಹೋದರೆ ಅದೂ ಹೋಯಿತು, ಮರಳಿ ಪಡೆಯುವ ದಾರಿ ಇಲ್ಲ. ಇದರ ಜತೆಗೆ 10 ದಿನ, 30 ದಿನಗಳ ಪೊರಕೆಯೂ ಬಂತು. ಆದರೆ ಹೊಸದಾಗಿ ಹಾಕಿಸಿಕೊಂಡ ಯಂತ್ರಗಳಿಗೆ ಮಾತ್ರ. ಹಳೆಯ ಆವೃತ್ತಿಯಿಂದ ಮೇಲೇರಿದ ಯಂತ್ರಗಳಲ್ಲಿ ಗುಡಿಸುವ ವಿಷಯದಲ್ಲಿ ಹಳೆಯ ನಡವಳಿಕೆಯೇ ಉಳಿಯುವಂತೆ ಒಂದು ಫೈಲನ್ನು ತಾವೇ ಬರೆದಿಟ್ಟರು.

ಹಳಬರ ನಂಬಿಕೆಯನ್ನು ಮುರಿಯಬಾರದು ಎಂಬ ಈ ಕಾಳಜಿ ಮೆಚ್ಚುವಂಥದ್ದು. ಬದಲಾವಣೆಯನ್ನು ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದೂ ಇದ್ದಾರೆ. ಆದರೆ ಒಂದು ಕೋಣೆಯಲ್ಲಿ ಅಕ್ಕಪಕ್ಕ ಕೂತ ಎರಡು ಡೆಬಿಯನ್ 13 ಯಂತ್ರಗಳಲ್ಲಿ ಒಂದು 30 ದಿನ ಮುಟ್ಟದ ಫೈಲನ್ನು ಅಳಿಸುತ್ತದೆ, ಇನ್ನೊಂದು ಅಳಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಎಂದು ಹೇಳುವ ಒಂದು ಸಾಲು ಎಲ್ಲೂ ಇಲ್ಲ.

ಯಾರು ಅಳಿಸಿದರು ಎಂದು ಹುಡುಕುವುದು

ನಿಮ್ಮ ಫೈಲೂ ಹೀಗೆ ಹೋಗಿದ್ದರೆ ಮೊದಲು "ಹೋಯಿತು" ಅನ್ನುವುದನ್ನು ಬಿಡಿ. "ಯಾರು" ಎಂದು ಕೇಳಿ. ಶಂಕಿತರು ಸಾಮಾನ್ಯವಾಗಿ ನಾಲ್ವರು.

ಮೊದಲನೆಯವರು, ಫೈಲನ್ನು ತೆರೆದ ಕಾರ್ಯಕ್ರಮವೇ. ಮೇಲ್‌ಗೆ ಲಗತ್ತಿಸಿದ ಫೈಲನ್ನು ಉಳಿಸದೆ ನೇರವಾಗಿ ತೆರೆದರೆ ಥಂಡರ್‌ಬರ್ಡ್‌ನಂಥವು ಅದರ ಪ್ರತಿಯೊಂದನ್ನು ತಾತ್ಕಾಲಿಕ ಜಾಗದಲ್ಲಿ ಇಟ್ಟು, ತಾವು ಮುಚ್ಚುವಾಗ ತೆಗೆದುಹಾಕುತ್ತವೆ. ಫೈರ್‌ಫಾಕ್ಸ್ ಕೂಡ ಹೀಗೇ ಇತ್ತು. 2022ರ ಮಾರ್ಚ್‌ನ 98ನೆಯ ಆವೃತ್ತಿಯಿಂದ, ತೆರೆದದ್ದನ್ನೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಡತೊಡಗಿತು. ಫೋಲ್ಡರ್ ತುಂಬುತ್ತದೆ ಎಂದು ಗೊಣಗಿದವರಿದ್ದಾರೆ. ತುಂಬಿದ್ದನ್ನು ಖಾಲಿ ಮಾಡಬಹುದು. ಹೋದದ್ದನ್ನು ತರುವುದು ಹೇಗೆ?

ಎರಡನೆಯವರು, ಯಂತ್ರ ಮತ್ತೆ ಶುರುವಾಗುವ ಗಳಿಗೆ. ಡಿಎಫ್ ಎಂಬ ಆಜ್ಞೆಗೆ ಟಿಎಂಪಿಯ ಹೆಸರು ಕೊಟ್ಟು ನೋಡಿ. ಉತ್ತರದ ಸಾಲು ಟಿಎಂಪಿಎಫ್‌ಎಸ್ ಎಂದು ಶುರುವಾದರೆ ನಿಮ್ಮ ಟಿಎಂಪಿ ರ‍್ಯಾಮ್‌ನಲ್ಲಿದೆ. ಫೆಡೋರಾದಲ್ಲಿ 2013ರಿಂದಲೂ ಹೀಗೇ. ಡಿಸ್ಕಿನಲ್ಲೇ ಇದ್ದರೂ ನಿಶ್ಚಿಂತೆಯಿಲ್ಲ. ಉಬುಂಟುವಿನ ಹಲವು ಆವೃತ್ತಿಗಳು ಪ್ರತಿ ಸಲ ಶುರುವಾಗುವಾಗ ಟಿಎಂಪಿಯನ್ನು ಖಾಲಿ ಮಾಡುತ್ತವೆ.

ಮೂರನೆಯವರು, ಡೆಸ್ಕ್‌ಟಾಪಿನ ಪ್ರೈವಸಿ ಸೆಟ್ಟಿಂಗ್. ಗ್ನೋಮ್‌ನಲ್ಲಿ ಕಸದಬುಟ್ಟಿಯನ್ನೂ ತಾತ್ಕಾಲಿಕ ಫೈಲುಗಳನ್ನೂ ತಂತಾನೇ ಅಳಿಸುವ ಎರಡು ಸ್ವಿಚ್ಚುಗಳಿವೆ. ಮೂಲದಲ್ಲಿ ಅವು ಆಫ್ ಆಗಿರುತ್ತವೆ, ಆನ್ ಮಾಡಿದವರು ಯಾರೋ ಇರಬೇಕು.

ನಾಲ್ಕನೆಯವರು, ಆಗ ಹೇಳಿದ ಟೈಮರ್. ಯುಎಸ್‌ಆರ್ ಒಳಗೆ ಲಿಬ್, ಅದರೊಳಗೆ ಟಿಎಂಪಿಫೈಲ್ಸ್.ಡಿ ಎಂಬ ಫೋಲ್ಡರ್, ಅದರಲ್ಲಿ ಟಿಎಂಪಿ.ಕಾನ್ಫ್ ಎಂಬ ಫೈಲ್. ಅದನ್ನು ತೆರೆದರೆ 10ಡಿ, 30ಡಿ ಎಂಬ ಅಕ್ಷರಗಳಲ್ಲಿ ನಿಮ್ಮ ಫೈಲಿನ ಆಯುಷ್ಯ ಕಾಣುತ್ತದೆ. ಅಲ್ಲೇ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ತಿದ್ದಿದ್ದು ಹೋಗುತ್ತದೆ. ಆ ಫೈಲನ್ನು ಇಟಿಸಿ ಒಳಗಿನ ಅದೇ ಹೆಸರಿನ ಫೋಲ್ಡರಿಗೆ ನಕಲು ಮಾಡಿ, ದಿನದ ಜಾಗದಲ್ಲಿ ಒಂದು ಅಡ್ಡಗೆರೆ ಹಾಕಿದರೆ ವಯಸ್ಸಿನ ಲೆಕ್ಕ ನಿಲ್ಲುತ್ತದೆ. ಒಂದೇ ಹೆಸರಿನ ಎರಡು ಫೈಲಿದ್ದರೆ ಇಟಿಸಿಯದು ಇನ್ನೊಂದನ್ನು ಪೂರ್ತಿ ಮರೆಮಾಡುತ್ತದೆ, ಆದ್ದರಿಂದ ಉಳಿದ ಸಾಲುಗಳನ್ನು ಬಿಡದೆ ನಕಲಿಸಿ. ಒಂದೇ ಫೋಲ್ಡರನ್ನು ಉಳಿಸಬೇಕಿದ್ದರೆ, ಬೇರೆ ಹೆಸರಿನ ಫೈಲಿನಲ್ಲಿ ಸಣ್ಣ ಎಕ್ಸ್ ಅಕ್ಷರ ಮತ್ತು ಆ ಫೋಲ್ಡರಿನ ದಾರಿ ಬರೆದರೆ ಸಾಕು. ಸಿಸ್ಟಮ್‌ಡಿ 256 ಅಥವಾ ಅದರ ಮುಂದಿನದು ಇದ್ದರೆ "ಡ್ರೈ ರನ್" ಆಯ್ಕೆಯೂ ಇದೆ. ಏನನ್ನು ಅಳಿಸಲಿದ್ದೇನೆ ಎಂದು ಅಳಿಸದೆಯೇ ಹೇಳುತ್ತದೆ. 2010ರಲ್ಲಿ ಶುರುವಾದ ಯೋಜನೆಗೆ ಈ ಆಯ್ಕೆ ಬಂದದ್ದು 2024ರಲ್ಲಿ.

ವಿರೋಧದ ಮಾತುಗಳು

ಡಿಸ್ಕ್ ತುಂಬಿದರೆ ಇಡೀ ಸರ್ವರ್ ನಿಲ್ಲುತ್ತದೆ ಎಂದು ಹೇಳುತ್ತಾರೆ. ನಿಜ. ಹಲವರು ಹಂಚಿಕೊಳ್ಳುವ ಯಂತ್ರದಲ್ಲಿ ಹಳೆಯ ತಾತ್ಕಾಲಿಕ ಫೈಲುಗಳು ಗುಟ್ಟು ಸೋರುವ ದಾರಿ ಎಂದೂ ಹೇಳುತ್ತಾರೆ. ಅದೂ ನಿಜ; ಬ್ಯಾಂಕಿನ ಸ್ಟೇಟ್‌ಮೆಂಟು ಟಿಎಂಪಿಯಲ್ಲಿ ವರ್ಷಗಟ್ಟಲೆ ಬಿದ್ದಿರಬಾರದು. ಇವೆರಡೂ ಅಳಿಸುವುದಕ್ಕೆ ಕಾರಣಗಳು. ಹೇಳದೆ ಅಳಿಸುವುದಕ್ಕೆ ಯಾವುದು ಕಾರಣ? ಅಳಿಸಿದ ಫೈಲಿನ ಹೆಸರು, ಅಳತೆ, ದಿನಾಂಕ ಬರೆದಿಡಲು ಬೇಕಾಗುವ ಜಾಗ ಆ ಫೈಲಿನ ಮುಂದೆ ಏನೂ ಅಲ್ಲ. ಹೆಸರಿನಿಂದಲೇ ಗುಟ್ಟು ಹೊರಬೀಳಬಹುದು ಎಂಬ ಆತಂಕವಿದ್ದರೆ, ವ್ಯವಸ್ಥೆಯ ಲಾಗನ್ನು ಈಗಲೂ ಸಾಮಾನ್ಯ ಬಳಕೆದಾರರೆಲ್ಲ ಓದಲು ಬಿಡುವುದಿಲ್ಲ. ಅವರವರ ಫೈಲಿನ ಹೆಸರನ್ನು ಅವರವರಿಗೆ ತೋರಿಸಿದರೆ ಸಾಕು.

ದೆಹಲಿಯಲ್ಲಿ ಕೂತು ಬರೆಯುವಾಗ ಹೋಲಿಕೆಗೆ ದೂರ ಹೋಗಬೇಕಿಲ್ಲ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪೊಲೀಸ್ ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಉಳಿಸಬೇಕು, ಅಂಥ ಸಲಕರಣೆ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು ಎಂದಿತು. ಹಾರ್ಡ್‌ಡಿಸ್ಕ್ ಎಷ್ಟು ದಿನಕ್ಕೆ ತುಂಬುತ್ತದೆ ಎಂಬುದರಿಂದ ಅಲ್ಲಿ ಲೆಕ್ಕ ಶುರುವಾಗಲಿಲ್ಲ, ಠಾಣೆಯಲ್ಲಿ ಪೆಟ್ಟು ತಿಂದವರಿಗೆ ನಾಳೆ ಆ ದೃಶ್ಯ ಬೇಕಾಗುತ್ತದೆ ಎಂಬುದರಿಂದ ಶುರುವಾಯಿತು. 2025ರ ಮೇ 30ರಂದು ಚುನಾವಣಾ ಆಯೋಗ, ಫಲಿತಾಂಶ ಬಂದ 45 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಬರದಿದ್ದರೆ ಮತಗಟ್ಟೆಯ ವಿಡಿಯೊಗಳನ್ನು ನಾಶಮಾಡಬಹುದೆಂದು ರಾಜ್ಯಗಳ ಮುಖ್ಯ ಚುನಾವಣಾಧಿಕಾರಿಗಳಿಗೆ ಬರೆಯಿತು. 45 ದಿನ ಎಂಬುದು ಅರ್ಜಿ ಹಾಕಲು ಕಾನೂನು ಕೊಟ್ಟ ಗಡುವು. ಈ ನಿರ್ಧಾರವನ್ನು ಒಪ್ಪುವವರೂ ಬಲವಾಗಿ ವಿರೋಧಿಸುವವರೂ ಇದ್ದಾರೆ. ಆದರೆ ಅದಕ್ಕೆ ತಾರೀಕಿದೆ, ಬರೆದವರಿದ್ದಾರೆ, ಕಾರಣವೆಂದು ಹೇಳಿದ ಮಾತಿದೆ. ಅದಕ್ಕೇ ಅದನ್ನು ವಿರೋಧಿಸಲು ಸಾಧ್ಯವಾಯಿತು. ನಮ್ಮ ಮೇಜಿನ ಮೇಲಿನ ಯಂತ್ರದ 10 ದಿನಕ್ಕೆ ಸಹಿಯೂ ಇಲ್ಲ, ಕಾರಣವೂ ಇಲ್ಲ. ವಿರೋಧಿಸುವುದಿರಲಿ, ಅದು ಇದೆಯೆಂದೇ ಗೊತ್ತಾಗುವುದಿಲ್ಲ.

ಕೇಳಬೇಕಾದದ್ದು

ತಂತ್ರಾಂಶ ಬರೆಯುವವರಿಂದ ಕೇಳುವುದು ಎರಡು. ಒಂದು, ಅಳಿಸಿದ ಪ್ರತಿ ಫೈಲಿನ ಹೆಸರೂ ಅಳಿಸಿದ ನಿಯಮದ ಹೆಸರೂ ಮಾಮೂಲು ಲಾಗಿನಲ್ಲೇ ಬರಲಿ. ಸಾಲು ಈಗಾಗಲೇ ಬರೆದಾಗಿದೆ, ಅದರ ಮಟ್ಟ ಬದಲಾಯಿಸಿದರಾಯಿತು. ಎರಡು, ಯಾರಾದರೂ ಟಿಎಂಪಿಯಲ್ಲಿ ಫೈಲ್ ಉಳಿಸಹೊರಟರೆ ಆ ಕಿಟಕಿಯಲ್ಲೇ "ಇಲ್ಲಿಟ್ಟದ್ದು 10 ದಿನದ ನಂತರ ಉಳಿಯುವುದಿಲ್ಲ" ಎಂದು ತೋರಿಸಲಿ.

ಆಫೀಸುಗಳಿಂದ ಕೇಳುವುದು ಇನ್ನೂ ಸರಳ. ಮನುಷ್ಯರು ಟೈಪ್ ಮಾಡಿದ್ದನ್ನು ಟಿಎಂಪಿಯಲ್ಲಿ ಇಡಬೇಡಿ; ಅದು ಯಂತ್ರಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಚೀಟಿಗಳ ಜಾಗ. ನಿಮ್ಮ ವ್ಯವಸ್ಥೆ ಅಳಿಸಿದ ಕೆಲಸಕ್ಕೆ ಕೂಲಿ ಕೊಡಿ. ಫ್ರೀಲಾನ್ಸರುಗಳೇ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಈ ಒಂದು ಸಾಲನ್ನು ಸೇರಿಸಿ ಎಂದು ಕೇಳಿ: ಪುಟದಲ್ಲಿ "ಉಳಿಸಿದೆ" ಎಂಬ ಗುರುತು ಬಂದ ಮೇಲೆ ಅದನ್ನು ಕಾಯುವ ಹೊಣೆ ಏಜೆನ್ಸಿಯದು. ಬಹಳ ಜನ ಒಪ್ಪುವುದಿಲ್ಲ. ಒಪ್ಪದವರು ಯಾರೆಂದು ತಿಳಿಯುವುದೂ ಲಾಭವೇ.

ನಮ್ಮ ಅನುವಾದಕರ ಪಾಲಿನದೂ ಒಂದಿದೆ. ಕಂಪ್ಯೂಟರ್ ಪರದೆಯ ವಾಕ್ಯಗಳು ನಮ್ಮ ಕೈಗೆ ಬಂದಾಗ "ಕಡತವನ್ನು ಅಳಿಸಲಾಗಿದೆ" ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ರೂಢಿ. ಇಂಗ್ಲಿಷಿನಲ್ಲಿ ಕರ್ತೃ ಇಲ್ಲ, ನಮ್ಮಲ್ಲೂ ಇಲ್ಲ, ಲೆಕ್ಕ ಸರಿಹೋಯಿತು. ಮಾಡಿದ್ದು ಯಾವ ಕಾರ್ಯಕ್ರಮ ಎಂದು ನಮಗೆ ಗೊತ್ತಿದ್ದರೆ, "10 ದಿನ ಮುಟ್ಟದ ಫೈಲುಗಳನ್ನು ಸ್ವಚ್ಛತಾ ಕಾರ್ಯಕ್ರಮ ಅಳಿಸಿತು" ಎಂದು ಬರೆಯಲು ಕನ್ನಡಕ್ಕೆ ಏನೂ ಕಷ್ಟವಿಲ್ಲ. ಗೊತ್ತಿಲ್ಲದಿದ್ದರೆ ಕಳಿಸಿದವರನ್ನು ಕೇಳೋಣ: ಈ ವಾಕ್ಯದಲ್ಲಿ ಅಳಿಸಿದ್ದು ಯಾರು? ಉತ್ತರ ಬರುವ ತನಕ ಆ ಸಾಲನ್ನು ಖಾಲಿ ಬಿಡೋಣ.